ಧೋತರ ಉಟ್ಟ ಕ್ಯುಪಿಡ್

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ಇವರು’, ‘ನಮ್ಮ ಮನಿಯವರು’, ಸಿಟ್ಟು ನೆತ್ತಿಗೇರಿದ ದಿನ ‘ರೀ, ಕೇಳಸ್ತದೋ ಇಲ್ಲೋ’, ಇಷ್ಟರಲ್ಲೇ ಒಂದು ಸಂಸಾರ ಸುಖವಾಗಿ ಸಾಗಿಹೋಗುತ್ತದೆ. ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ತರಗತಿಯಲ್ಲಿ ಹೆಣ್ಣುಮಕ್ಕಳಿಗೆ ಧೈರ್ಯದಿಂದ ಮಾತಾಡಿ ಎಂದು ದಿನಾ ಗದರುತ್ತೇನೆ. ಮನೆಗೆ ಬಂದರೆ ನಾನೂ ‘ಇವರು’ ಪಾರ್ಟಿಯೇ. ಕೊರಿಯರಿನವನು ಫೋನು ಮಾಡಿ ಯಜಮಾನರ ಹೆಸರು ಕೇಳಿದರೆ ಫೋನನ್ನೇ ಯಜಮಾನರ ಕೈಗೆ ಕೊಟ್ಟುಬಿಡುತ್ತೇನೆ. ಈ ಬರಹದಲ್ಲೂ ಮನುಷ್ಯರ ಹೆಸರು ಒಂದೂ ಬರುವುದಿಲ್ಲ. ದೇವರ ಹೆಸರುಗಳು ಬೇಕಾದಷ್ಟು ಬರುತ್ತವೆ.

ಗಂಡನ ಹೆಸರು ಹೇಳುವುದಕ್ಕೆ ನಮಗೆ ಇರುವ ದಾರಿ ಒಂದೇ, ಒಡಪು. ಹೊಸ ಮದುಮಗಳು ಮನೆ ತುಂಬಲು ಬಂದಾಗ ನಾದಿನಿ ಬಾಗಿಲಿಗೆ ಅಡ್ಡಗೈ ಹಾಕಿ ನಿಲ್ಲುತ್ತಾಳೆ. ಪ್ರಾಸ ಕೂಡಿಸಿದ ಎರಡೋ ನಾಲ್ಕೋ ಸಾಲು ಹೇಳಿ, ಅದರೊಳಗೆ ಗಂಡನ ಹೆಸರನ್ನು ಸೇರಿಸಿದರೆ ಮಾತ್ರ ಒಳಗೆ ಪ್ರವೇಶ. ಆಮೇಲೆ ಸೀಮಂತವಿರಲಿ, ಸಂಕ್ರಾಂತಿಯ ಎಳ್ಳುಬೆಲ್ಲವಿರಲಿ, ಹೆಂಗಸರು ಸೇರಿದಲ್ಲೆಲ್ಲ ‘ಹೇಳ, ಹೇಳ’ ಎಂದು ಒಬ್ಬರನ್ನೊಬ್ಬರು ಪೀಡಿಸುತ್ತಾರೆ. ಹೇಳುವವಳು ನಾಚಿದ ಹಾಗೆ ಮಾಡಿ ಜೋರಾಗಿಯೇ ಹೇಳುತ್ತಾಳೆ. ಗಂಡ ತೀರಿಕೊಂಡವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನು ಇದನ್ನು ಗಮನಿಸಿಯೇ ಇರಲಿಲ್ಲ. ಅಕ್ಕ ಗಮನಿಸಿದ್ದಳು.

ಅಕ್ಕ ನನಗೆ ಒಬ್ಬಳೇ ಅಕ್ಕ. ಭಾವ ಕಾಯಿಲೆ ಬಿದ್ದು ಹೋದಾಗ ಅವಳಿಗಿನ್ನೂ ಸಣ್ಣ ವಯಸ್ಸು, ಮಕ್ಕಳಿರಲಿಲ್ಲ. ಅಂದಿನಿಂದ ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಇದ್ದಾಳೆ. ಓಣಿಯ ಎಲ್ಲ ಹೆಂಗಸರ ರವಿಕೆ ಅವಳ ಕೈಯಿಂದಲೇ ಆಗಬೇಕು. ಅಳತೆ ಹಿಡಿಯುವಾಗಲೇ ಯಾರು ದಪ್ಪಗಾದರು, ಯಾರು ಸೊರಗಿದರು, ಯಾರ ಮನೆಯಲ್ಲಿ ಜಗಳ ನಡೆದಿದೆ ಎಲ್ಲ ತಿಳಿದುಬಿಡುತ್ತದೆ. ನಾನು ಮುಂಗೋಪಿ, ಅವಳು ನಗೆಗಾರ್ತಿ. ನನ್ನ ಗಂಡನ ಜೊತೆ ನಾನು ಕಿತ್ತಾಡಿದ ದಿನ ಅವರಿಗೆ ಊಟ ಅಕ್ಕನ ಕೋಣೆಯಲ್ಲೇ.

ಮನೆಯ ಮೇಲೆ ಒಂದು ಹೊಸ ಕೋಣೆ ಕಟ್ಟಿಸಿದೆವು. ಅದಕ್ಕೆ ಪಿಓಪಿ ಸೀಲಿಂಗ್ ಮಾಡಿಸಬೇಕೆಂದು ನನ್ನ ಹಟ. ಹುಮನಾಬಾದಿನ ಹೈವೇ ಮೇಲೆ ಒಬ್ಬ ಮಿಸ್ತ್ರಿ ಚೆನ್ನಾಗಿ ಮಾಡುತ್ತಾರೆ ಎಂದು ಕೇಳಿ, ಒಂದು ಭಾನುವಾರ ಅಕ್ಕನನ್ನು ಜೊತೆಮಾಡಿಕೊಂಡು ಬಸ್ಸು ಹತ್ತಿದೆ. ಅವಳಿಗೂ ಅಲ್ಲಿ ಲೈನಿಂಗ್ ಬಟ್ಟೆ, ಲೇಸು ಕೊಳ್ಳುವುದಿತ್ತು. ಥಂಡಿಯ ದಿನ. ಕಾರ್ಖಾನೆಗಳ ಔಷಧದ ವಾಸನೆ ಬಸ್ಸಿನ ಕಿಟಕಿಯೊಳಗೆ ಬಂದಾಗ ಊರು ಬಂತೆಂದು ಎಲ್ಲರೂ ಚೀಲ ಎತ್ತಿಕೊಂಡರು.

ಮಿಸ್ತ್ರಿಯ ಅಂಗಡಿ ಎಂದರೆ ಮುಂದೆ ಒಂದು ತಗಡಿನ ಶೆಡ್ಡು, ಹಿಂದೆ ಅವರ ಮನೆ. ಶೆಡ್ಡಿನ ತುಂಬ ಪಿಓಪಿಯ ಹುಡಿ, ಸುಣ್ಣದಂಥ ಬಿಳುಪು. ಮಿಸ್ತ್ರಿಯ ಹುಬ್ಬಿನ ಮೇಲೂ ಅದೇ ಹುಡಿ. ಹೆಂಡತಿ ತೀರಿಹೋದ ಮನುಷ್ಯ. ಮಗಳು ಮದುವೆಯಾಗಿ ಲಾತೂರಿನಲ್ಲಿದ್ದಾಳೆ. ಮನೆಯ ಪಡಸಾಲೆಯಲ್ಲಿ ಹೆಂಡತಿಯ ಫೋಟೋ ಇತ್ತು. ಅಷ್ಟು ಹುಡಿಯ ನಡುವೆ ಆ ಗಾಜೊಂದು ಮಾತ್ರ ಫಳಫಳ ಹೊಳೆಯುತ್ತಿತ್ತು. ದಿನಾ ಬೆಳಿಗ್ಗೆ ಒರೆಸುತ್ತಾರಂತೆ.

ಶೆಡ್ಡಿನ ಗೋಡೆಗೆ ಸಾಲಾಗಿ ಅದೇ ಹುಡಿಯಿಂದ ಮಾಡಿದ ರೆಕ್ಕೆಯ ಮಕ್ಕಳು ಒರಗಿ ನಿಂತಿದ್ದವು. ದುಂಡು ಹೊಟ್ಟೆ, ಗುಂಗುರು ಕೂದಲು, ಕೈಯಲ್ಲಿ ಬಿಲ್ಲು. ಮೈಮೇಲೆ ಒಂದು ನೂಲಿಲ್ಲ. ಹೈವೇ ಮೇಲಿನ ಫಂಕ್ಷನ್ ಹಾಲುಗಳವರು ಬಾಗಿಲ ಎರಡೂ ಕಡೆ ನಿಲ್ಲಿಸಲು ಒಯ್ಯುತ್ತಾರೆ ಎಂದರು ಮಿಸ್ತ್ರಿ. ನಾನು ಇಂಗ್ಲಿಷ್ ಮೇಡಂ ಎಂದು ತಿಳಿದದ್ದೇ ತಡ, ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು.

“ಮೇಡಂರಿ, ಈ ಪೋರಗ ಏನಂತಾರ್ರಿ? ಹೈದರಾಬಾದಿಂದ ಅಚ್ಚು ತಂದೀನಿ, ಹೆಸರು ತರಲಿಲ್ಲ. ಗಿರಾಕಿ ಕೇಳಿದ್ರ ರೆಕ್ಕಿ ಹುಡುಗ ಅಂತೀನಿ.”

ನನಗೆ ಅಷ್ಟು ಸಾಕು. ಸೀಲಿಂಗ್ ಮರೆತು ಪಾಠ ಶುರುಮಾಡಿದೆ. ಇವನು ರೋಮಿನವರ ಪ್ರೀತಿಯ ದೇವರು. ವೀನಸ್ ಇವನ ತಾಯಿ. ಇವನಿಗೆ ಎರಡು ಹೆಸರು. ಕ್ಯುಪಿಡ್ ಎಂದರೆ ಬಯಕೆ. ಅಮೊರ್ ಎಂದರೆ ಪ್ರೀತಿ. ಅವರಿಗಿಂತ ಮೊದಲು ಗ್ರೀಕರು ಇವನನ್ನೇ ಎರೋಸ್ ಎನ್ನುತ್ತಿದ್ದರು. ಬಂಗಾರದ ಮೊನೆಯ ಬಾಣ ತಾಗಿದರೆ ಮನಸ್ಸು ಕರಗುತ್ತದೆ, ಸೀಸದ ಮೊನೆಯದು ತಾಗಿದರೆ ಮನಸ್ಸು ಮುರಿಯುತ್ತದೆ. ನಮ್ಮ ಕಾಮಣ್ಣನಿಗೂ ಬಿಲ್ಲುಂಟು, ಆದರೆ ಕಬ್ಬಿನದು, ಬಾಣ ಹೂವಿನದು. ಅವನ ಹೆಸರುಗಳೋ, ಮನ್ಮಥ, ಮದನ, ಸ್ಮರ, ಅನಂಗ... ನಾನು ಎಣಿಸುತ್ತ ಹೋದೆ. ಶಿವ ಸುಟ್ಟ ಮೇಲೆ ಮೈಯೇ ಇಲ್ಲದವನಾದ್ದರಿಂದ ಅನಂಗ ಎಂದು ಹೇಳುವಷ್ಟರಲ್ಲಿ ನನಗೇ ಏದುಸಿರು ಹತ್ತಿತ್ತು.

ಅಕ್ಕ ಇಷ್ಟು ಹೊತ್ತೂ ಆ ಗೊಂಬೆಗಳನ್ನು ಅಳತೆ ಹಿಡಿಯುವ ಕಣ್ಣಲ್ಲಿ ನೋಡುತ್ತಿದ್ದಳು. “ಹೆಸರು ಎಷ್ಟರೆ ಇರಲಿ, ಈ ಥಂಡ್ಯಾಗ ಮೈಮ್ಯಾಲ ಅರಿವಿ ಇಲ್ಲಲ್ಲ. ಒಂದು ಚಡ್ಡಿ ಹೊಲದು ಕೊಡ್ಲೇನ್ರಿ ಮಿಸ್ತ್ರಿಯವರ?” ಎಂದಳು.

ಮಿಸ್ತ್ರಿ ನಕ್ಕರು. ಹುಬ್ಬಿನ ಹುಡಿ ಉದುರುವ ಹಾಗೆ ನಕ್ಕರು. ನಾನೂ ಅದನ್ನು ತಮಾಷೆ ಎಂದೇ ಬಗೆದೆ. ಆದರೆ ಒಂದು ವಾರದಲ್ಲಿ ಅವರ ಫೋನು ಬಂತು. ಫಂಕ್ಷನ್ ಹಾಲಿನ ಮಾಲೀಕರಿಗೆ ನಿಜವಾಗಿಯೂ ತೊಂದರೆಯಾಗಿದೆ. ಮದುವೆಗೆ ಬಂದ ಹಿರಿಯರು ಮುಖ ತಿರುಗಿಸುತ್ತಾರೆ, ಯಾವುದೋ ಅಜ್ಜಿ ತನ್ನ ಟವೆಲ್ಲನ್ನೇ ಗೊಂಬೆಯ ಸೊಂಟಕ್ಕೆ ಸುತ್ತಿ ಹೋಗಿದ್ದಾರೆ. “ಟೇಲರ್ ಬಾಯಾರು ಅಂದಿದ್ರಲ್ರಿ ಮೇಡಂ, ಖರೇನೇ ಅಂದಿದ್ರ ಜರಾ ಬರಲಿಕ್ಕೆ ಹೇಳ್ರಿ.”

ಹೀಗೆ ಶುರುವಾಯಿತು ರೋಮಿನ ದೇವರಿಗೆ ಧೋತರ ಉಡಿಸುವ ಕೆಲಸ. ಅಕ್ಕ ತೆಳು ಹತ್ತಿಬಟ್ಟೆಯನ್ನು ಅಳತೆಗೆ ಕತ್ತರಿಸಿ ಒಯ್ಯುತ್ತಾಳೆ. ಮಿಸ್ತ್ರಿ ಹುಡಿಯನ್ನು ನೀರಿನಲ್ಲಿ ಕಲಸಿ ಮಜ್ಜಿಗೆಯಷ್ಟು ತೆಳ್ಳಗೆ ಮಾಡುತ್ತಾರೆ. ಬಟ್ಟೆಯನ್ನು ಅದರಲ್ಲಿ ಅದ್ದಿ ಗೊಂಬೆಗೆ ಉಡಿಸಬೇಕು, ಅಕ್ಕ ಬೆರಳಲ್ಲಿ ಒಂದೊಂದೇ ನಿರಿಗೆ ಕೂಡಿಸಬೇಕು. ಗಟ್ಟಿಯಾಗುವ ತನಕ ಇಬ್ಬರೂ ಎರಡು ಬದಿಯಿಂದ ಹಿಡಿದುಕೊಂಡು ಅಲುಗಾಡದೆ ನಿಲ್ಲಬೇಕು. ಬಿಟ್ಟರೆ ನಿರಿಗೆ ಜಾರಿತು. ಆ ಹೊತ್ತಿನಲ್ಲಿ ಕೈಗೆ ಬೇರೆ ಕೆಲಸವಿಲ್ಲ, ಬಾಯಿಗೆ ಬೇಕಾದಷ್ಟಿದೆ. ಮಾತಾಡದೆ ಇನ್ನೇನು ಮಾಡಿಯಾರು? ಮೊದಲ ಜೋಡಿ ಫಂಕ್ಷನ್ ಹಾಲಿನ ಬಾಗಿಲಲ್ಲಿ ನಿಂತಾಗ ನಾನೂ ನೋಡಲು ಹೋಗಿದ್ದೆ. ಕೆಂಪು ಅಂಚಿನ ಧೋತರ, ತಲೆಗೆ ರುಮಾಲು, ಬೆನ್ನಿಗೆ ರೆಕ್ಕೆ. ನಮ್ಮ ಧಾನ್ಯದ ಅಡತಿ ಬಜಾರಿನ ಯಾವುದೋ ಸಾಹುಕಾರರ ಮೊಮ್ಮಗ ಬಿಲ್ಲು ಹಿಡಿದು ನಿಂತ ಹಾಗಿದ್ದ. ಜನ ಅವನ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ನಮ್ಮಲ್ಲಿ ಬಸ್ಸಿನ ಕಂಡಕ್ಟರ್ ಕೂಡ ಅಣ್ಣ, ತರಕಾರಿಯವಳು ಅಕ್ಕ. ಇವರಿಬ್ಬರು ಮಾತ್ರ ಅಷ್ಟು ದಿನವಾದರೂ ಒಬ್ಬರನ್ನೊಬ್ಬರು ಅಣ್ಣ ಎನ್ನಲಿಲ್ಲ, ಅಕ್ಕ ಎನ್ನಲಿಲ್ಲ. ಅವರ ಬಾಯಲ್ಲಿ ಇವಳು ‘ಬಾಯಾರು’, ಎಂದರೆ ಅಮ್ಮಾವರು; ಇವಳ ಬಾಯಲ್ಲಿ ಅವರು ‘ಮಿಸ್ತ್ರಿಯವರು’. ಹುಮನಾಬಾದಿಗೆ ಹೋಗುವ ದಿನ ಅಕ್ಕನ ಇಳಕಲ್ ಸೀರೆ ಪೆಟ್ಟಿಗೆಯಿಂದ ಹೊರಗೆ ಬರತೊಡಗಿತು. ಹುಡಿ ಸಿಡಿಯುವ ಕೆಲಸಕ್ಕೆ ಯಾರಾದರೂ ಇಳಕಲ್ ಉಡುತ್ತಾರೆಯೇ ಎಂದು ನಾನು ಕೆಣಕಿದರೆ, “ಹಳೇದಾಗೇದ, ಅದಕ್ಕ” ಎನ್ನುತ್ತಿದ್ದಳು. ನನಗೆ ಒಳಗೊಳಗೇ ಖುಷಿ.

ಒಂದು ಮಧ್ಯಾಹ್ನ ಧೋತರದ ಅಂಚು ಹೊಲಿಯುತ್ತ ಕೂತಿದ್ದವಳಿಗೆ ಆ ದೇವರ ಸಂಸಾರದ ಕತೆ ಹೇಳಿದೆ. ಅವನಿಗೊಬ್ಬ ಹೆಂಡತಿಯಿದ್ದಳು, ರಾಜನ ಮಗಳು. ಗಂಡ ಕತ್ತಲಾದ ಮೇಲೆ ಬರುವನು, ಬೆಳಕಾಗುವ ಮೊದಲು ಹೋಗುವನು. ನನ್ನ ಮುಖ ನೋಡಬಾರದು ಎಂದು ಅವನ ಕಟ್ಟಪ್ಪಣೆ. ಪಾಪ, ತಾಳಲಾರದೆ ದೀಪ ಹಚ್ಚಿ ನೋಡಿದಳು. ಬಿಸಿ ಎಣ್ಣೆಯ ಹನಿಯೊಂದು ಅವನ ಭುಜಕ್ಕೆ ಬಿತ್ತು, ಎದ್ದವನೇ ಹಾರಿಹೋದ.

ಅಕ್ಕ ಯಂತ್ರ ನಿಲ್ಲಿಸಿದಳು. “ನೋಡಿದ್ದಕ್ಕ ಹಾರಿ ಹ್ವಾದನ? ಆಕಿಗಿ ನೋಡಬಾರದಿತ್ತು, ನಮಗ ಹೆಸರು ಕರೀಬಾರದಿತ್ತು. ಕರದ್ರ ಗಂಡನ ಆಯುಷ್ಯ ಕಮ್ಮಿ ಆಗತದಂತ ಅವ್ವ ಅಂಜಿಸಿದ್ಲು. ನಾ ಕರೀಲೇ ಇಲ್ಲ. ಕರೀದೇ ಇದ್ರೂ ಹ್ವಾದ್ರು.” ಹೊಲಿದ ಅಂಚನ್ನು ಬೆರಳಲ್ಲಿ ಸವರಿ, “ಆಕಿಗಿ ಆಮ್ಯಾಲ ಗಂಡ ಸಿಕ್ಕನೇನು?” ಎಂದು ಕೇಳಿದಳು.

“ಸಿಕ್ಕ. ಭಾಳ ಹುಡಕಿದ್ಲು.”

“ಪುಣ್ಯವಂತಿ,” ಎಂದು ಮತ್ತೆ ಯಂತ್ರ ತುಳಿಯತೊಡಗಿದಳು.

ಹೋಳಿ ಹುಣ್ಣಿಮೆ ಬಂತು. ನಮ್ಮ ಓಣಿಯಲ್ಲಿ ಬೆಳಗಿನ ಜಾವ ಕಾಮನನ್ನು ಸುಡುವುದು ಪದ್ಧತಿ. ಪ್ರತಿ ವರ್ಷ ಹುಲ್ಲು, ಹಳೆ ಅಂಗಿಯಿಂದ ಕಾಮಣ್ಣನನ್ನು ಕಟ್ಟುತ್ತಾರೆ. ಈ ಸಲ ಓಣಿಯ ಹುಡುಗರು ಫಂಕ್ಷನ್ ಹಾಲಿನ ಸೆಲ್ಫಿ ನೋಡಿ ಮರುಳಾಗಿದ್ದರು. ಅಕ್ಕನ ಮೂಲಕ ಮಿಸ್ತ್ರಿಗೆ ಹೇಳಿಸಿ, ಬಿಲ್ಲು ಮುರಿದ ಒಂದು ಗೊಂಬೆಯನ್ನು ತರಿಸಿಕೊಂಡರು. ಇವನೂ ಕಾಮನೇ, ಅವನೂ ಕಾಮನೇ ಎಂದು ಕಾಲೇಜಿನ ಮೇಡಂ ಹೇಳಿದ್ದಾರೆ ಎಂದು ನನ್ನದೇ ಸಾಕ್ಷಿ ಬೇರೆ. ಕುಳ್ಳು, ಕಟ್ಟಿಗೆ ಒಟ್ಟಿ, ನಡುವೆ ಧೋತರದ ಕ್ಯುಪಿಡ್‌ನನ್ನು ನಿಲ್ಲಿಸಿ, ಹೋಳಿಯ ರೂಢಿಯಂತೆ ಬಾಯಿ ಬಡಿದುಕೊಂಡು ಬೊಬ್ಬೆ ಹೊಡೆಯುತ್ತ ಬೆಂಕಿ ಇಟ್ಟರು.

ಬೆಂಕಿ ಧಗಧಗ ಉರಿಯಿತು. ಇಳಿಯಿತು. ಕಾಮಣ್ಣ ಹಾಗೆಯೇ ನಿಂತಿದ್ದ. ಕರಿ ಹಿಡಿದು ಗಡಿಗೆಯ ತಳದಂತಾಗಿದ್ದ, ಒಂದು ರೆಕ್ಕೆ ಬಿದ್ದಿತ್ತು, ಮುಖದ ನಗೆ ಮಾತ್ರ ಹೋಗಿರಲಿಲ್ಲ. ಬೊಬ್ಬೆ ಹೊಡೆಯುತ್ತಿದ್ದ ಕೈಗಳು ಬಾಯಿಯ ಮೇಲೆಯೇ ನಿಂತವು. ಪಿಓಪಿ ಸುಡುವುದಿಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಕಾಮ ಸುಡದಿದ್ದರೆ ಓಣಿಗೆ ಒಳ್ಳೆಯದಲ್ಲ, ಬಡಿಗೆ ತಂದು ಒಡೆಯಿರಿ ಎಂದು ಹಿರಿಯರೊಬ್ಬರು ಗದ್ದಲ ತೆಗೆದರು.

ಆಗ ಅಕ್ಕ ಮುಂದೆ ಬಂದಳು. “ಯಾರೂ ಕೈ ಹಚ್ಚಬ್ಯಾಡ್ರಿ. ಸುಟ್ಟೀರಿ, ಸುಡಲಿಲ್ಲ. ಮತ್ಯಾಕ ಬಡೀತೀರಿ?” ಎಂದು ಒದ್ದೆ ಗೋಣಿಚೀಲ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ತನ್ನ ಕೋಣೆಯ ಕಟ್ಟೆಯ ಮೇಲೆ ತಂದಿಟ್ಟಳು. ಹುಡುಗರು ಒಂದಿಷ್ಟು ಹುಲ್ಲನ್ನು ಗೊಂಬೆ ಮಾಡಿ ಸುಟ್ಟು ಶಾಸ್ತ್ರ ಮುಗಿಸಿದರು. ನನ್ನ ಅಕ್ಕ ಅಷ್ಟು ಜನರ ಎದುರು ದನಿ ಎತ್ತಿದ್ದನ್ನು ಅಂದೇ ನಾನು ಕಂಡದ್ದು.

ಮರುದಿನ ಮಿಸ್ತ್ರಿ ಓಡೋಡಿ ಬಂದರು. ದಾರಿಯಲ್ಲಿ ಯಾರೋ ಬಣ್ಣ ಎರಚಿ ಮುಖವೆಲ್ಲ ಗುಲಾಬಿ. “ಇಡಲಿಕ್ಕೆ ಕೇಳ್ಯಾರಂತ ತಿಳದಿದ್ದೆ ಮೇಡಂರಿ, ಸುಡಲಿಕ್ಕಂತ ಗೊತ್ತಿದ್ದಿಲ್ರಿ,” ಎಂದು ಕೈಜೋಡಿಸಿದರು. ನಾನು ಚಹಾ ಕೊಟ್ಟೆ. ಕುಡಿದು ಮುಗಿಸಿ, ಕಪ್ಪು ಕೆಳಗಿಡದೆ, ಬಂದದ್ದು ಅದಕ್ಕಾಗಿ ಅಷ್ಟೇ ಅಲ್ಲ ಎಂದರು. “ನಿಮ್ಮ ಅಕ್ಕಾರು ಹೂಂ ಅಂದ್ರ, ಲಗ್ನ ಆಗೋಣಂತ ನನ್ನ ಮನಸಿನಾಗ ಅದ. ಮಗಳಿಗೂ ಕೇಳೀನಿ. ಆಕಿ ಖುಷಿ ಆದ್ಲು. ನೀವು ಜರಾ ಕೇಳ್ತೀರೇನ್ರಿ?” ಬಣ್ಣದ ಮುಖದಲ್ಲಿ ನಾಚಿಕೆ ಕಾಣುತ್ತಿರಲಿಲ್ಲ, ಆದರೆ ಖಾಲಿ ಕಪ್ಪನ್ನೇ ಮತ್ತೊಮ್ಮೆ ತುಟಿಗೆ ಹಚ್ಚಿ ಕುಡಿದರು.

ಅವರನ್ನು ಕಳಿಸಿ ನಾನು ಅಕ್ಕನ ಕೋಣೆಗೆ ಹೋದೆ. ಅವಳು ಆ ಕರಿ ಗೊಂಬೆಯನ್ನು ಹಳೆ ಬಟ್ಟೆಯಿಂದ ಒರೆಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ತಲೆ ಎತ್ತದೆ, “ಆಗಂಗಿಲ್ಲ,” ಎಂದಳು.

ನನಗೆ ಸಿಟ್ಟು ಬಂತು. ಇಳಕಲ್ ಸೀರೆಯ ಮಾತು ಎತ್ತಿದೆ. ಜನ ಏನಂದಾರು ಎಂದು ಅಂಜುತ್ತೀಯಾ, ಗಂಡ ತೀರಿಕೊಂಡವಳು ಮತ್ತೆ ಲಗ್ನವಾಗುವುದು ನಮ್ಮಲ್ಲೇನು ಹೊಸದೇ ಎಂದು ಕೂಗಾಡಿದೆ. ಅವಳು ನನ್ನನ್ನು ಕೂಗಲು ಬಿಟ್ಟಳು. ಆಮೇಲೆ ಹೇಳಿದಳು.

“ಮಂದಿ ಮಾತಿಗಿ ನಾ ಅಂಜಂಗಿಲ್ಲ. ಅವರ ಮನೀಗಿ ಹ್ವಾದ್ರ ಬಾಗಲಾಗ ಹೆಸರು ಕೇಳ್ತಾರ. ನಿಮ್ಮ ಭಾವನ ಹೆಸರು ನಾ ಒಡಪಿನಾಗ ಬಿಟ್ರ ಎಲ್ಲೂ ಹೇಳಿಲ್ಲ. ಅವರು ಹೋದ ಮ್ಯಾಲ ನನಗ ಯಾರೂ ಒಡಪು ಕೇಳಲಿಲ್ಲ. ಎಳ್ಳುಬೆಲ್ಲಕ್ಕ ಎಲ್ಲಾರಿಗೂ ಕೇಳ್ತೀರಿ, ನನ್ನ ಮುಂದ ಬಂದ್ರ ಮಾತು ತಿರುಗಸ್ತೀರಿ. ಆ ಹೆಸರು ನನ್ನ ಬಾಯಾಗೇ ಉಳದದ. ಈಗ ಅದೇ ಬಾಯಿಲೆ ಇನ್ನೊಂದು ಹೆಸರು ಹೇಳಿದ್ರ, ಅದು ಎಲ್ಲಿಗಿ ಹೋಗಬೇಕು?”

ನಾನು ಅತ್ತುಬಿಟ್ಟೆ. ಅವಳೇ ನನ್ನ ಬೆನ್ನು ಸವರಿದಳು.

“ಮಿಸ್ತ್ರಿಯವರು ಬ್ಯಾಡೇನು ನಿನಗ?” ಎಂದೆ.

“ಬ್ಯಾಡ ಅಂದೇನೇನು? ಹ್ಯಾಂಗ ಅಂತ ಕೇಳಾಕತ್ತೇನಿ,” ಎಂದಳು.

ಇದನ್ನು ಮಿಸ್ತ್ರಿಗೆ ಹೇಳದೆ ಇರಲು ನನ್ನಿಂದಾಗಲಿಲ್ಲ. ಶೆಡ್ಡಿನಲ್ಲಿ ನಿಂತು ಪೂರ್ತಿ ಕೇಳಿದರು. ಒಂದು ಸಲ ಮನೆಯ ಕಡೆ, ಆ ಫಳಫಳ ಹೊಳೆಯುವ ಫೋಟೋದ ಕಡೆ ನೋಡಿದರು. “ಒಡಪು ಬ್ಯಾಡಂತ ಹೇಳ್ರಿ. ನನ್ನ ಹೆಸರು ಕರೀಲಿಕ್ಕೆ ಹುಮನಾಬಾದ್ ಇಡೀ ಅದ. ಅವರೊಬ್ಬರು ಕರೀದಿದ್ರ ಏನೂ ಲುಕ್ಸಾನ್ ಇಲ್ರಿ,” ಎಂದರು. ಅಕ್ಕನಿಗೆ ಬಂದು ಹೇಳಿದೆ. ಅವಳು ಎರಡು ತಿಂಗಳು ಧೋತರಗಳಿಗೆ ಅಂಚು ಹೊಲಿಯುತ್ತ ಕೂತಳು. ಆಮೇಲೊಂದು ದಿನ ರೊಟ್ಟಿ ಬಡಿಯುತ್ತಿದ್ದ ನನ್ನ ಪಕ್ಕದಲ್ಲಿ ಬಂದು ನಿಂತು, “ಒಡಪು ಕೇಳಬಾರದು, ಅಷ್ಟೇ,” ಎಂದಳು. ನನ್ನ ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಹಾರ ಬದಲಾಯಿಸಿಕೊಂಡರು. ನಾಲ್ಕು ಮಂದಿ, ಒಂದು ಹುಗ್ಗಿ ಊಟ. ಮಿಸ್ತ್ರಿಯ ಮಗಳು ಲಾತೂರಿನಿಂದ ಬಂದು ಅಕ್ಕನ ತಲೆಗೆ ತಾನೇ ಮಲ್ಲಿಗೆ ಮುಡಿಸಿದಳು. ಮಿಸ್ತ್ರಿಯ ಅಕ್ಕ ಮಂಠಾಳದಿಂದ ಬಂದಿದ್ದರು. ಹೊಲಮನೆ ನಡೆಸುವ ಗಟ್ಟಿ ಹೆಂಗಸು. ಅವರು ಪಿಸುಮಾತಾಡಿದರೂ ಮೂರು ಮನೆಗೆ ಕೇಳಿಸುತ್ತದೆ. ಒಡಪು ಕೇಳಬಾರದೆಂಬ ಮಾತನ್ನು ಮಿಸ್ತ್ರಿಯೇ ಅವರಿಗೆ ಹೇಳಿರುತ್ತಾರೆ ಎಂದು ನಾವು, ಮೇಡಂ ಹೇಳಿರುತ್ತಾರೆ ಎಂದು ಮಿಸ್ತ್ರಿ. ಹೀಗೆ ಯಾರೂ ಅವರಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಜೀಪಿನಲ್ಲಿ ಹುಮನಾಬಾದು ತಲುಪಿದೆವು. ಅಕ್ಕ ಆ ಒಂಟಿ ರೆಕ್ಕೆಯ ಕರಿ ಗೊಂಬೆಯನ್ನು ಸೀರೆಯ ಸೆರಗಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು. ಅವಳು, ಮಿಸ್ತ್ರಿ ಇಬ್ಬರೂ ಬಾಗಿಲ ಮುಂದೆ ನಿಂತದ್ದೇ, ಮಂಠಾಳದ ಅಕ್ಕಾರು ಎರಡೂ ಕೈ ಚಾಚಿ ಅಡ್ಡ ನಿಂತರು.

“ಹೆಸರು ಹೇಳು, ಒಳಗ ಬಾ!”

ಮಿಸ್ತ್ರಿ ಬೆಳ್ಳಗಾದರು, ಈ ಸಲ ಹುಡಿಯಿಂದಲ್ಲ. “ಅಕ್ಕಾ, ಅದೊಂದು ಬಿಡು,” ಎಂದರು.

“ಯಾಕ ಬಿಡಲಿ? ನನ್ನ ತಮ್ಮನ ಮನಿ ತುಂಬಾಕತ್ತಾಳ. ಹೆಸರಿಲ್ದೇ ಹ್ಯಾಂಗ ಬಿಡಲಿ?”

ಸುತ್ತ ನಿಂತ ನೆರೆಯ ಹೆಂಗಸರು ನಗುತ್ತ ‘ಹೇಳ್ರಿ, ಹೇಳ್ರಿ’ ಎಂದರು. ಅಕ್ಕ ನೆಲ ನೋಡುತ್ತಿದ್ದಳು. ತಿರುಗಿ ಜೀಪು ಹತ್ತಿಬಿಡುತ್ತಾಳೆ ಎಂದುಕೊಂಡೆ. ನಾನೇ ಹೋಗಿ ಆ ಕೈ ಸರಿಸಬೇಕೆಂದು ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅಕ್ಕ ಗೊಂಬೆಯ ಮೇಲಿನ ಸೆರಗು ಸರಿಸಿ, ತಲೆ ಎತ್ತಿ, ಬಾಗಿಲಲ್ಲಿದ್ದವರ ಮುಖವನ್ನೇ ನೋಡುತ್ತ ಹೇಳಿದಳು.

“ಕಾಣದ ಊರಾಗ ಕಾಮಣ್ಣಗ ಎರಡು ಹೆಸರಂತ,
ಕಟ್ಟಿಗಿ ಒಟ್ಟಿ ಸುಟ್ಟರೂ ಸುಡದೇ ಉಳದನಂತ;
ಹಿಂದಿನ ದಾರ್ಯಾಗ ಜೋಡಿ ನಡದವರು...”

ಇಲ್ಲಿ ನಮ್ಮ ಭಾವನ ಹೆಸರು ಹೇಳಿದಳು. ಎಷ್ಟು ವರ್ಷದ ಮೇಲೆ ಆ ಹೆಸರು ಅವಳ ದನಿಯಲ್ಲಿ ಕೇಳಿದೆನೋ.

“ಮುಂದಿನ ದಾರ್ಯಾಗ ಜೋಡಿ ಬಂದವರು...”

ಇಲ್ಲಿ ಮಿಸ್ತ್ರಿಯವರ ಹೆಸರು.

ನಗುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹೊಸ ಗಂಡನ ಬಾಗಿಲಲ್ಲಿ ಹಳೆ ಗಂಡನ ಹೆಸರು ನಮ್ಮ ಸೀಮೆಯಲ್ಲಿ ಯಾರೂ ಹೇಳಿದ್ದಿಲ್ಲ. ಮಿಸ್ತ್ರಿ ಮಾತ್ರ ಅಕ್ಕನನ್ನೇ ನೋಡುತ್ತಿದ್ದರು, ಅವರ ಕಣ್ಣು ತುಂಬಿತ್ತು. ಮಂಠಾಳದ ಅಕ್ಕಾರು ಒಮ್ಮೆ ತಮ್ಮನ ಮುಖ ನೋಡಿದರು, ಒಮ್ಮೆ ಹಿಂದೆ ತಿರುಗಿ ಪಡಸಾಲೆಯಲ್ಲಿದ್ದ ಅವರ ಮೊದಲ ಹೆಂಡತಿಯ ಫೋಟೋ ನೋಡಿದರು. ಆಮೇಲೆ ಚಾಚಿದ್ದ ಎರಡೂ ಕೈಯನ್ನು ಇಳಿಸಿ ಬಾಗಿಲ ಬದಿಗೆ ಸರಿದು ನಿಂತರು.

“ಬರ್ರಿ,” ಎಂದರು. “ಆ ಹೋದವರನ್ನೂ ಕರಕೊಂಡು ಮೂರೂ ಮಂದಿ ಒಳಗ ಬರ್ರಿ. ಒಳಗ ಒಬ್ಬಾಕಿ ಮೊದಲೇ ಇದ್ದಾಳ, ಆಕಿಗೂ ಮಾತಿಗಿ ಜೋಡಿ ಆಗತದ.”